ಕರುಣ್ ನಾಯರ್ 303: ಅನ್ಯಾಯ ಅನ್ನುವ ಮೊದಲು ಸ್ಕೋರ್‌ಕಾರ್ಡ್ ತೆರೆಯೋಣ

ಕೋಟ್ಲಾ99:

ಎಲ್ಲರಿಗೂ ನಮಸ್ಕಾರ. ಈ ವಾರ ಒಂದು ಪೋಸ್ಟರ್ ನನಗೆ ಎಲ್ಲಾ ವಾಟ್ಸಾಪ್ ಗುಂಪುಗಳಿಂದಲೂ ಬರುತ್ತಿದೆ. ಕರುಣ್ ನಾಯರ್ ಚೆನ್ನೈನಲ್ಲಿ ಬ್ಯಾಟ್ ಎತ್ತಿ ನಿಂತಿರುವ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ ಎರಡು ಸಾಲು. 303 ಹೊಡೆದ ಮೇಲೆ ಇವರನ್ನು ಮತ್ತೆ ಆಡಿಸಲೇ ಇಲ್ಲ, ಕನ್ನಡಿಗ ಎನ್ನುವುದೊಂದೇ ಕಾರಣ ಅಂತ.

ಕರುಣ್‌ಗೆ ಸಿಗಬೇಕಾದಷ್ಟು ಅವಕಾಶ ಸಿಗಲಿಲ್ಲ ಎಂದು ನಾನೂ ಗಟ್ಟಿಯಾಗಿ ನಂಬಿದ್ದೇನೆ. ಅದಕ್ಕೇ ಈ ಪೋಸ್ಟರ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಇದರ ಮೊದಲ ಸಾಲೇ ಸುಳ್ಳು. ನಡೆದದ್ದು ಇಷ್ಟು.

2016ರ ಡಿಸೆಂಬರ್, ಇಂಗ್ಲೆಂಡ್ ವಿರುದ್ಧ ಚೆನ್ನೈ ಟೆಸ್ಟ್. ಕರುಣ್‌ಗೆ ಅದು ಮೂರನೇ ಟೆಸ್ಟ್. ಮೊಹಾಲಿಯಲ್ಲಿ ಮೊದಲ ಪಂದ್ಯ, 4 ರನ್‌ಗೆ ರನ್‌ಔಟ್. ಮುಂಬೈನಲ್ಲಿ 13. ಮೂರನೇ ಇನ್ನಿಂಗ್ಸ್‌ನಲ್ಲಿ 381 ಎಸೆತಕ್ಕೆ ಅಜೇಯ 303. ಭಾರತ 7 ವಿಕೆಟ್‌ಗೆ 759 ಹೊಡೆದು ಡಿಕ್ಲೇರ್ ಮಾಡಿತು. ಗೆದ್ದಿದ್ದು ಇನ್ನಿಂಗ್ಸ್ ಮತ್ತು 75 ರನ್‌ಗಳಿಂದ.

ಮುಂದಿನ ಟೆಸ್ಟ್ 2017ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ, ಬಾಂಗ್ಲಾದೇಶದ ವಿರುದ್ಧ. ಗಾಯದಿಂದ ಹೊರಗಿದ್ದ ರಹಾನೆ ವಾಪಸ್ ಬಂದರು, ಕರುಣ್ ಹೊರಗೆ ಕೂತರು. ಮುನ್ನೂರು ಹೊಡೆದವರು ಮುಂದಿನ ಪಂದ್ಯದಲ್ಲೇ ಇಲ್ಲ ಅನ್ನುವ ಮಾತು ನಿಜ. ಆಮೇಲೆ ಆಡಿಸಲೇ ಇಲ್ಲ ಅನ್ನುವುದು ನಿಜ ಅಲ್ಲ. ಅದೇ ವರ್ಷ ಆಸ್ಟ್ರೇಲಿಯಾ ವಿರುದ್ಧ ಪುಣೆ ಟೆಸ್ಟ್ ಬಿಟ್ಟು ಉಳಿದ ಮೂರೂ ಪಂದ್ಯ ಆಡಿದರು. ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಅದಾದ ಮೇಲೆ 2025ರ ಜೂನ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಡುವವರೆಗೂ ಟೆಸ್ಟ್ ಇಲ್ಲ.

ಎಂಟು ವರ್ಷ ದಾಟಿದ ಅಂತರ ಅದು. ಈ ಮಾತಿಗೇ ಬೇಕಾದಷ್ಟು ತೂಕ ಇದೆ. ಇದರ ಜೊತೆ ಸುಳ್ಳು ಯಾಕೆ ಸೇರಿಸಬೇಕು?

ಭದ್ರಾವತಿ ಹುಡುಗ:

ಅಣ್ಣ, ಬೇಜಾರು ಮಾಡ್ಕೋಬೇಡಿ. ಮೂರು ಟೆಸ್ಟ್ ಆಡಿಸಿದ್ದನ್ನು ಅವಕಾಶ ಅಂತ ಕರೀತೀರಾ? ಮುನ್ನೂರು ಹೊಡೆದವನಿಗೆ ನಾಲ್ಕು ಇನ್ನಿಂಗ್ಸ್! ಬೇರೆಯವರಿಗೆ ಎರಡು ಮೂರು ಸರಣಿ ಪೂರ್ತಿ ಕಾಯುತ್ತಾರೆ. ಅನ್ಯಾಯ ಆಗಿದ್ದು ನಿಜ ತಾನೇ? ಪೋಸ್ಟರ್‌ನಲ್ಲಿ ಒಂದೆರಡು ಪದ ಆಚೀಚೆ ಆದರೆ ಏನು ಮುಳುಗಿ ಹೋಗುತ್ತದೆ? ನೀವು ಹೀಗೆ ಲೆಕ್ಕ ಬಿಚ್ಚಿಟ್ಟರೆ ಖುಷಿಪಡುವವರು ಆ ಕಡೆಯವರೇ.

ಸಿಲ್ಲಿಪಾಯಿಂಟ್:

ಆ ಕಡೆಯವರು ಖುಷಿಪಡೋದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದೇನೆ, ಹೇಳ್ತೀನಿ ಕೇಳಿ.

ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ವಿಷಯ ಬಂತು. ನಮ್ಮ ಹುಡುಗನೊಬ್ಬ ಇದೇ ಸಾಲು ಹೇಳಿದ, "ಮತ್ತೆ ಆಡಿಸಲೇ ಇಲ್ಲ". ಎದುರಿಗೆ ಮುಂಬೈ ಕಡೆಯವರೊಬ್ಬರು ಕೂತಿದ್ದರು. ಅವರು ಜಗಳ ಆಡಲಿಲ್ಲ. ಫೋನಿನಲ್ಲಿ ಬೆಂಗಳೂರು ಟೆಸ್ಟಿನ ಸ್ಕೋರ್‌ಕಾರ್ಡ್ ತೆರೆದು ಮೇಜಿನ ಮೇಲಿಟ್ಟರು. ಆಮೇಲೆ ರಾಂಚಿ, ಆಮೇಲೆ ಧರ್ಮಶಾಲಾ. ಅಷ್ಟೇ. ಅಲ್ಲಿಗೆ ಮಾತು ಮುಗಿಯಿತು. ನಾನು 2018ರ ವಿಷಯ ಎತ್ತಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. "ನಿಮ್ಮವರು ಹೇಳೋದೆಲ್ಲ ಹೀಗೇ" ಅನ್ನುವ ಮುಖ ಮಾಡಿಕೊಂಡು ಎದ್ದು ಕೈ ತೊಳೆಯಲು ಹೋದರು.

ನಿಜವಾದ ಅನ್ಯಾಯ ಇರುವುದೇ 2018ರಲ್ಲಿ. ಇಂಗ್ಲೆಂಡ್ ಪ್ರವಾಸಕ್ಕೆ ಕರುಣ್ ಮೊದಲಿನಿಂದ ತಂಡದಲ್ಲಿದ್ದರು. ಹನುಮ ವಿಹಾರಿಯನ್ನು ಸೇರಿಸಿಕೊಂಡಿದ್ದು ಕೊನೆಯ ಎರಡು ಟೆಸ್ಟ್‌ಗಳಿಗೆ. ಓವಲ್‌ನಲ್ಲಿ ಒಂದು ಜಾಗ ಖಾಲಿಯಾದಾಗ ಆಡಿದ್ದು ವಿಹಾರಿ. ಅವರು ಚೆನ್ನಾಗಿಯೇ ಆಡಿದರು, 56 ಹೊಡೆದರು, ಅವರದ್ದೇನೂ ತಪ್ಪಿಲ್ಲ. ಆದರೆ ಸರಣಿ ಪೂರ್ತಿ ಬೆಂಚಿನಲ್ಲಿದ್ದವರನ್ನು ದಾಟಿ ಆಮೇಲೆ ಬಂದವರನ್ನು ಇಳಿಸಿದ್ದು ಯಾಕೆ? ಈ ಪ್ರಶ್ನೆಗೆ ಸ್ಕೋರ್‌ಕಾರ್ಡ್ ತೆರೆದು ತೋರಿಸಿ ಯಾರೂ ಬಾಯಿ ಮುಚ್ಚಿಸೋಕೆ ಆಗಲ್ಲ. ನಾವು ಕೇಳಬೇಕಾದ ಪ್ರಶ್ನೆಯೂ ಇದೇ.

ಭದ್ರಾವತಿ ಹುಡುಗ:

2018ರ ವಿಷಯ ಒಪ್ಪುತ್ತೇನೆ. ಆದರೆ ನೀವು ಹೇಳುವ ಲೆಕ್ಕ ಪೂರ್ತಿ ಬರೆದರೆ ಇನ್ನೊಂದೂ ಬರೆಯಬೇಕಾಗುತ್ತದೆ ಅಲ್ವಾ? 2017ರವರೆಗೆ ಏಳು ಇನ್ನಿಂಗ್ಸ್, 374 ರನ್. ಅದರಲ್ಲಿ 303 ತೆಗೆದರೆ ಉಳಿದ ಆರು ಇನ್ನಿಂಗ್ಸ್‌ನಲ್ಲಿ 71. ಇದನ್ನೂ ನಾವೇ ಬರೆದು ಕೊಡೋಣವಾ?

ಕೋಟ್ಲಾ99:

ಕೊಡೋಣ. ಅದನ್ನು ನಾವೇ ಮೊದಲು ಹೇಳಬೇಕು. 374 ರನ್, ಸರಾಸರಿ 62.33. ಒಂದು ದೊಡ್ಡ ಇನ್ನಿಂಗ್ಸ್ ಇದೆ, ಉಳಿದವು ಸಣ್ಣವು. ಈ ಎರಡೂ ಗೊತ್ತಿದ್ದೂ ಕೇಳುತ್ತೇವೆ, ಆರೇ ಟೆಸ್ಟ್ ಆಡಿದ ಹುಡುಗನನ್ನು ಎಂಟು ವರ್ಷ ಮರೆಯುವಷ್ಟು ಕೆಟ್ಟದಾಗಿತ್ತಾ ಈ ಲೆಕ್ಕ ಅಂತ. 71ರ ವಿಷಯವನ್ನು ಮುಚ್ಚಿಟ್ಟು ಮಾತು ಶುರು ಮಾಡಿದರೆ ಎದುರಿನವರು ಅದನ್ನು ಹೊರತೆಗೆದ ಕ್ಷಣ ನಾವು ಸೋತಿರುತ್ತೇವೆ.

ಇನ್ನು ಪೋಸ್ಟರ್‌ನ ಎರಡನೇ ಸಾಲು. ಕನ್ನಡಿಗ ಎನ್ನುವ ಕಾರಣಕ್ಕೆ ಅಂತೆ. ಆ ಹೊತ್ತಿನಲ್ಲಿ ತಂಡದ ಕೋಚ್ ಯಾರು? ಅನಿಲ್ ಕುಂಬ್ಳೆ. 2016ರ ಜೂನ್‌ನಿಂದ 2017ರ ಜೂನ್‌ವರೆಗೆ ಅವರೇ ಇದ್ದರು. ಹೈದರಾಬಾದ್‌ನಲ್ಲಿ ಕರುಣ್ ಹೊರಗೆ ಕೂತಾಗಲೂ ಅವರೇ. ಚೆನ್ನೈನಲ್ಲಿ ಅದೇ ಇನ್ನಿಂಗ್ಸ್‌ನಲ್ಲಿ 199ಕ್ಕೆ ಔಟಾಗಿದ್ದು ಕೆ.ಎಲ್. ರಾಹುಲ್. ಕುಂಬ್ಳೆ ಕೋಚ್ ಆಗಿದ್ದ ತಂಡದಲ್ಲಿ ಕನ್ನಡಿಗ ಅಂತ ಕೈಬಿಟ್ಟರು ಎಂದು ಬರೆಯಬೇಕಾದರೆ ನಮ್ಮ ಕೈಯಲ್ಲಿ ಏನಾದರೂ ಆಧಾರ ಇರಬೇಕು. ಇಲ್ಲ. ರಹಾನೆ ಎರಡು ವರ್ಷ ಮಾಡಿದ ಕೆಲಸವನ್ನು ಒಂದು ಇನ್ನಿಂಗ್ಸ್ ಅಳಿಸಬಾರದು ಎನ್ನುವ ಅರ್ಥದ ಮಾತನ್ನು ಆಗ ನಾಯಕ ಕೊಹ್ಲಿ ಹೇಳಿದ್ದರು. ಆ ಕಾರಣ ನಮಗೆ ಹಿಡಿಸದೇ ಇರಬಹುದು. ಆದರೆ ಅವರು ಕೊಟ್ಟ ಕಾರಣ ಅದು. ವಾದ ಮಾಡುವುದಾದರೆ ಅದರ ಜೊತೆ ಮಾಡೋಣ.

ಲಾಂಗ್‌ಆನ್ ಲತಾ:

ಕರುಣ್ ವಿಷಯದಲ್ಲಿ ಇನ್ನೊಂದು ಗೋಜಲು ನೋಡುತ್ತಿರುತ್ತೇನೆ. ಅವರ ಹೆಸರಲ್ಲಿ ಎರಡು ತ್ರಿಶತಕ ಇದೆ, ಎರಡೂ ಒಂದಕ್ಕೊಂದು ಸೇರಿಹೋಗಿವೆ. 328 ಹೊಡೆದಿದ್ದು ರಣಜಿಯಲ್ಲಿ, ಅಂದರೆ ರಾಜ್ಯ ತಂಡಗಳ ದೇಶೀ ಟೂರ್ನಿಯಲ್ಲಿ. 2014-15ರ ಫೈನಲ್, ವಾಂಖೆಡೆಯಲ್ಲಿ ತಮಿಳುನಾಡು ವಿರುದ್ಧ. ರಣಜಿ ಫೈನಲ್ ಇತಿಹಾಸದಲ್ಲಿ ಅದಕ್ಕೂ ಮೊದಲು ಅಷ್ಟು ರನ್ ಯಾರೂ ಹೊಡೆದಿರಲಿಲ್ಲ. 303 ಟೆಸ್ಟ್‌ನಲ್ಲಿ. "ಟೆಸ್ಟ್‌ನಲ್ಲಿ 328" ಅಂತ ಬರೆಯುವವರನ್ನೂ ನೋಡಿದ್ದೇನೆ, "303 ಹೊಡೆದದ್ದು ರಣಜಿಯಲ್ಲಿ ಅಲ್ವಾ" ಅಂತ ಕಡಿಮೆ ಮಾಡಿ ಮಾತಾಡುವವರನ್ನೂ ನೋಡಿದ್ದೇನೆ. ಯಾವ ಮಟ್ಟದ ಪಂದ್ಯ ಅಂತ ಒಂದು ಪದ ಸೇರಿಸಿದರೆ ಈ ತಾಪತ್ರಯ ಇರಲ್ಲ.

ಭಾರತಕ್ಕೆ ಟೆಸ್ಟ್‌ನಲ್ಲಿ ಮುನ್ನೂರು ತಂದ ಎರಡನೆಯವರು ಅವರು. ಮೊದಲಿನವರು ಸೆಹ್ವಾಗ್, ಎರಡು ಸಲ. ಮತ್ತೆ ಟೆಸ್ಟ್‌ನ ಮೊದಲ ಶತಕವನ್ನೇ ಮುನ್ನೂರಕ್ಕೆ ಮುಟ್ಟಿಸಿದವರಲ್ಲಿ ಕರುಣ್ ಮೂರನೆಯವರು. ಅವರಿಗೂ ಮೊದಲು ಹಾಗೆ ಮಾಡಿದ್ದು ವೆಸ್ಟ್ ಇಂಡೀಸ್‌ನ ಸೋಬರ್ಸ್ ಮತ್ತು ಆಸ್ಟ್ರೇಲಿಯಾದ ಬಾಬ್ ಸಿಂಪ್ಸನ್. ಇಂಥ ಸಾಲು ಪೋಸ್ಟರ್‌ನಲ್ಲಿ ಹಾಕಬಹುದಿತ್ತು. ಸೋಬರ್ಸ್ ಪಕ್ಕದಲ್ಲಿ ಕರುಣ್ ಹೆಸರು! ಅದನ್ನು ಬಿಟ್ಟು ಸುಳ್ಳು ಬರೆದಿದ್ದಾರೆ.

ಭದ್ರಾವತಿ ಹುಡುಗ:

ಸೋಬರ್ಸ್ ವಿಷಯ ಗೊತ್ತಿರಲಿಲ್ಲ ಅಕ್ಕಾ, ಸೂಪರ್. ಆದರೂ ನನ್ನ ಮಾತು ಬಿಡಲ್ಲ. ಜನ ಸಿಟ್ಟಿನಲ್ಲಿ ಬರೆಯುತ್ತಾರೆ. ಸಿಟ್ಟಿನಲ್ಲಿ ಬರೆದದ್ದನ್ನು ಪರೀಕ್ಷೆ ಪೇಪರ್ ತರ ತಿದ್ದೋಕೆ ಹೋದರೆ ಮುಂದಿನ ಸಲ ಅವರು ಬಾಯಿ ಬಿಡಲ್ಲ.

ಪೆನ್ಸಿಲ್ ಸ್ಕೋರರ್:

ತಿದ್ದುವ ರೀತಿಯ ಬಗ್ಗೆ ನೀವು ಹೇಳಿದ್ದು ಸರಿ. ಎಲ್ಲರ ಮುಂದೆ ಮುಖಭಂಗ ಮಾಡಬಾರದು. ನಾನಾದರೆ ಸ್ಕೋರ್‌ಕಾರ್ಡ್ ಹಾಕಿ "ಇದು ನೋಡಿ ಸರ್" ಅಂತ ಬಿಡುತ್ತೇನೆ. ಜಾಸ್ತಿ ಮಾತಾಡಲ್ಲ.

ನಾನು ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತೇನೆ. ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿದರೆ ಸ್ಕೋರ್‌ಕಾರ್ಡ್ ಅನ್ನು ಯಾಕೆ ನಂಬಬಹುದು ಅನ್ನೋದು ಅರ್ಥ ಆಗುತ್ತದೆ. ಮೇಜಿನ ಹಿಂದೆ ಇಬ್ಬರು ಸ್ಕೋರರ್ ಕೂತಿರುತ್ತೇವೆ. ಅಂಪೈರ್ ಸನ್ನೆ ಮಾಡಿದರೆ ನಾವು ಕೈ ಎತ್ತಿ ತೋರಿಸಬೇಕು, ನಮಗೆ ಕಂಡಿದೆ ಅಂತ. ಅಲ್ಲಿಯವರೆಗೆ ಅವರು ಮುಂದಿನ ಚೆಂಡು ಹಾಕಿಸಬಾರದು. ಓವರ್ ಮುಗಿದಾಗ ಒಬ್ಬರು ಮೊತ್ತ ಹೇಳುತ್ತೇವೆ, ಇನ್ನೊಬ್ಬರು ಹೌದು ಅನ್ನಬೇಕು. ಒಂದು ರನ್ ವ್ಯತ್ಯಾಸ ಬಂದರೂ ಅಲ್ಲೇ ಹುಡುಕುತ್ತೇವೆ. ವಿರಾಮಕ್ಕೆ ಮತ್ತೆ ಎರಡು ಕಡೆಯಿಂದ ಕೂಡಿಸುತ್ತೇವೆ. ಬ್ಯಾಟರ್‌ಗಳ ರನ್‌ಗೆ ಇತರೆ ರನ್ ಸೇರಿಸಿದರೆ ತಂಡದ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟ ರನ್‌ಗೆ ಬೈ ಮತ್ತು ಲೆಗ್‌ಬೈ ಸೇರಿಸಿದರೂ ಅದೇ ಮೊತ್ತ ಬರಬೇಕು. ಪೆನಾಲ್ಟಿ ರನ್ ಇದ್ದರೆ ಅದು ಬೇರೆ. ಎರಡೂ ತಾಳೆಯಾದರೆ ಮಾತ್ರ ಉಸಿರು ಬಿಡುತ್ತೇವೆ.

ಇಷ್ಟು ಕಷ್ಟಪಟ್ಟು ಬರೆದಿಟ್ಟ ಕಾಗದ ಅದು. ಯಾರೋ ನೆನಪಿನಿಂದ ಹೇಳಿದ ಒಂದು ಸಾಲು ಅದನ್ನು ಮೀರಿಸಿ ಊರೆಲ್ಲ ಓಡಾಡುತ್ತದೆ ಅಂದರೆ ನನಗೆ ಸಂಕಟ ಆಗುತ್ತದೆ.

ಹಾಗಂತ ಸ್ಕೋರ್‌ಕಾರ್ಡ್ ಎಲ್ಲವನ್ನೂ ಹೇಳಲ್ಲ. ಹಳೆಯ ಬೌಲರ್‌ಗಳ ಲೆಕ್ಕ ನೋಡುವಾಗ ನೆನಪಿಡಿ, 1980ರ ದಶಕಕ್ಕೂ ಹಿಂದೆ ವೈಡ್, ನೋಬಾಲ್ ರನ್ ಬೌಲರ್ ತಲೆಗೆ ಹೋಗುತ್ತಿರಲಿಲ್ಲ. ಪ್ರಸನ್ನ, ಚಂದ್ರಶೇಖರ್ ಕಾಲದ ಅಂಕಿಯನ್ನು ಈಗಿನವರ ಪಕ್ಕ ಇಟ್ಟು ಹೋಲಿಸುವಾಗ ಇದು ಗೊತ್ತಿರಬೇಕು.

ಕೋಟ್ಲಾ99:

ಇದಕ್ಕೆ ನನ್ನ ಹೆಸರಿನ ಪಂದ್ಯವೇ ಉದಾಹರಣೆ. 1999ರ ಫೆಬ್ರುವರಿ 7, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನಕ್ಕೆ ಗುರಿ 420. ಅನ್ವರ್ ಮತ್ತು ಅಫ್ರಿದಿ ಮೊದಲ ವಿಕೆಟ್‌ಗೆ 101 ಸೇರಿಸಿದ್ದರು. ಅಲ್ಲಿಂದ 207ಕ್ಕೆ ಎಲ್ಲರೂ ಔಟ್. ಕುಂಬ್ಳೆ 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಕೊನೆಯ ವಿಕೆಟ್ ವಾಸಿಂ ಅಕ್ರಮ್, ಕ್ಯಾಚ್ ಹಿಡಿದಿದ್ದು ಲಕ್ಷ್ಮಣ್. ಅಂಪೈರ್‌ಗಳಲ್ಲಿ ಒಬ್ಬರು ನಮ್ಮ ಎ.ವಿ. ಜಯಪ್ರಕಾಶ್.

ಇಷ್ಟು ಕಾಗದದ ಮೇಲಿದೆ. ಇನ್ನು ಶ್ರೀನಾಥ್ ಕಥೆ. ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ತುದಿಯಿಂದ ಅವರು ಆಫ್ ಸ್ಟಂಪ್‌ನಿಂದ ಆಚೆ ಆಚೆ ಹಾಕಿದರು, ಸ್ನೇಹಿತನ ಹತ್ತನೇ ವಿಕೆಟ್ ತಪ್ಪಬಾರದು ಅಂತ. ಇದು ಆಡಿದವರೇ ಹೇಳಿರುವ ಮಾತು. ಆದರೆ ಅದು ಬಾಯಿಂದ ಬಾಯಿಗೆ ಹೋಗಿ ಈಗ "ಶ್ರೀನಾಥ್ ಓವರ್ ಪೂರ್ತಿ ವೈಡ್ ಹಾಕಿದರು" ಎನ್ನುವಷ್ಟು ಬೆಳೆದಿದೆ. ವೈಡ್ ಓವರ್‌ನ ಆರು ಎಸೆತದ ಲೆಕ್ಕಕ್ಕೇ ಬರಲ್ಲ, ಬರೀ ವೈಡ್ ಹಾಕಿದರೆ ಓವರ್ ಮುಗಿಯುವುದಾದರೂ ಹೇಗೆ? ಆಚೆ ಹಾಕಿದ ಚೆಂಡೆಲ್ಲ ವೈಡ್ ಅಲ್ಲ.

ಇನ್ನೊಂದು ಮಾತು, "ಇನ್ನಿಂಗ್ಸ್‌ನ ಹತ್ತೂ ವಿಕೆಟ್ ತೆಗೆದ ಏಕೈಕ ಬೌಲರ್". ಅದು ತಪ್ಪು. 1956ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಜಿಮ್ ಲೇಕರ್ 53ಕ್ಕೆ 10 ತೆಗೆದಿದ್ದರು. 2021ರ ಡಿಸೆಂಬರ್‌ನಲ್ಲಿ ವಾಂಖೆಡೆಯಲ್ಲಿ ಏಜಾಜ್ ಪಟೇಲ್ 119ಕ್ಕೆ 10 ತೆಗೆದರು. ಈಗ ಆ ಮೂರೂ ಸ್ಕೋರ್‌ಕಾರ್ಡ್ ಪಕ್ಕಪಕ್ಕ ಇಟ್ಟು ನೋಡಿ. ಲೇಕರ್ ಹತ್ತು ತೆಗೆದಿದ್ದು ಪಂದ್ಯದ ಮೂರನೇ ಇನ್ನಿಂಗ್ಸ್‌ನಲ್ಲಿ, ಆಸ್ಟ್ರೇಲಿಯಾ ಫಾಲೋಆನ್ ಆಡುತ್ತಿತ್ತು. ಏಜಾಜ್ ತೆಗೆದಿದ್ದು ಮೊದಲನೇ ಇನ್ನಿಂಗ್ಸ್‌ನಲ್ಲಿ, ಆ ಪಂದ್ಯ ನ್ಯೂಜಿಲೆಂಡ್ ಸೋತಿತು. ಈ ಮೂವರಲ್ಲಿ ನಾಲ್ಕನೇ ಇನ್ನಿಂಗ್ಸ್‌ನಲ್ಲಿ, ಎದುರಾಳಿ ಗುರಿ ಬೆನ್ನಟ್ಟುತ್ತಿರುವಾಗ ಹತ್ತೂ ತೆಗೆದವರು ಕುಂಬ್ಳೆ ಒಬ್ಬರೇ. ಸುಳ್ಳು ಹೊಗಳಿಕೆಗಿಂತ ಇದು ಎಷ್ಟು ದೊಡ್ಡದು ನೋಡಿ!

ಸಿಲ್ಲಿಪಾಯಿಂಟ್:

ನಾಲ್ಕನೇ ಇನ್ನಿಂಗ್ಸ್ ವಿಷಯ ನಾನು ಯಾವತ್ತೂ ಯೋಚಿಸಿರಲಿಲ್ಲ. ಮೈ ಜುಂ ಅಂತು.

ನ್ಯೂಜೆರ್ಸಿಯಿಂದ:

ನಾನು ಸುಮ್ಮನೆ ಓದುತ್ತಿದ್ದೆ, ಒಂದು ಪ್ರಶ್ನೆ ಕೇಳಬೇಕು. ದ್ರಾವಿಡ್ ಟೆಸ್ಟ್ ರನ್ ಎಷ್ಟು? ಒಂದು ಕಡೆ 13,288 ಅಂತ ಇದೆ, ಇನ್ನೊಂದು ಕಡೆ 13,265. ಇಲ್ಲಿ ನಮ್ಮ ಮಕ್ಕಳಿಗೆ ಕನ್ನಡ ಕೂಟದಲ್ಲಿ ಕ್ವಿಜ್ ಮಾಡುತ್ತೇವೆ. ಎರಡು ಮನೆಯವರು ಎರಡು ಉತ್ತರ ಹಿಡಿದುಕೊಂಡು ಕೂತುಬಿಟ್ಟರು.

ಪೆನ್ಸಿಲ್ ಸ್ಕೋರರ್:

ಎರಡೂ ಸರಿ ಸರ್. 2005ರ ಅಕ್ಟೋಬರ್‌ನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಬೇರೆ ಬೇರೆ ದೇಶದ ಆಟಗಾರರಿದ್ದ ಐಸಿಸಿ ವಿಶ್ವ ತಂಡ ಒಂದು ಟೆಸ್ಟ್ ಆಡಿತು. ಅದಕ್ಕೆ ಐಸಿಸಿ ಅಧಿಕೃತ ಟೆಸ್ಟ್ ಮಾನ್ಯತೆ ಕೊಟ್ಟಿದೆ. ಅದರಲ್ಲಿ ದ್ರಾವಿಡ್ 0 ಮತ್ತು 23. ಆ 23ನ್ನು ಸೇರಿಸಿದರೆ 164 ಟೆಸ್ಟ್, 13,288. ಭಾರತದ ಪರ ಮಾತ್ರ ಎಣಿಸಿದರೆ 163 ಟೆಸ್ಟ್, 13,265. ಶತಕ ಎರಡು ಲೆಕ್ಕದಲ್ಲೂ 36. ಕ್ವಿಜ್‌ನಲ್ಲಿ ಪ್ರಶ್ನೆಯನ್ನೇ "ಭಾರತದ ಪರ" ಅಂತ ಕೇಳಿಬಿಡಿ. ಆಗ ಜಗಳ ಇಲ್ಲ.

ಏಕದಿನದಲ್ಲೂ ಇದೇ ಕಥೆ. ಒಟ್ಟು 344 ಪಂದ್ಯ, ಅದರಲ್ಲಿ ಭಾರತಕ್ಕೆ 340. ಉಳಿದವು ಏಷ್ಯಾ ತಂಡ ಮತ್ತು ವಿಶ್ವ ತಂಡಕ್ಕೆ ಆಡಿದವು.

ನ್ಯೂಜೆರ್ಸಿಯಿಂದ:

ಧನ್ಯವಾದ ಸರ್. ಎರಡೂ ಮನೆಯವರಿಗೆ ಅಂಕ ಕೊಡುತ್ತೇನೆ. ಹಾಗೇ ಕ್ಯಾಚ್ ಪ್ರಶ್ನೆನೂ ಇದೆ, ಟೆಸ್ಟ್‌ನಲ್ಲಿ ಅತಿ ಹೆಚ್ಚು ಕ್ಯಾಚ್ ದ್ರಾವಿಡ್ ಅಂತ ಹಾಕಿದ್ದೇವೆ, 210.

ಲಾಂಗ್‌ಆನ್ ಲತಾ:

ಅದನ್ನು ತೆಗೆಯಿರಿ. 210 ಸರಿ, ಆದರೆ ದಾಖಲೆ ಈಗ ಅವರದ್ದಲ್ಲ. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಜೋ ರೂಟ್ 211ನೇ ಕ್ಯಾಚ್ ಹಿಡಿದರು. ಔಟಾದವರು ಯಾರು ಗೊತ್ತಾ? ಕರುಣ್ ನಾಯರ್, 40ಕ್ಕೆ.

ದಾಖಲೆ ಬಗ್ಗೆ ಬರೆಯುವಾಗ ಯಾವತ್ತಿನವರೆಗೆ ಅಂತ ಸೇರಿಸುವುದು ಒಳ್ಳೆಯದು. ಗೇಲ್ 175 ಹೊಡೆದ ದಿನ, 2013ರ ಏಪ್ರಿಲ್ 23ರಂದು ಆರ್‌ಸಿಬಿ 263 ಹೊಡೆಯಿತಲ್ಲ, ಅದು ಐಪಿಎಲ್‌ನ ದೊಡ್ಡ ಮೊತ್ತ ಅಂತ ಈಗಲೂ ಜನ ಹಾಕುತ್ತಾರೆ. 2024ರ ಮಾರ್ಚ್‌ನಲ್ಲಿ ಹೈದರಾಬಾದ್ 277 ಹೊಡೆದು ಅದನ್ನು ದಾಟಿತು. ಏಪ್ರಿಲ್‌ನಲ್ಲಿ ನಮ್ಮ ಚಿನ್ನಸ್ವಾಮಿಗೇ ಬಂದು 287 ಹೊಡೆದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಬೇರೆ. "ಆರ್‌ಸಿಬಿಗೆ ಮೊದಲ ಕಪ್ 2025ರಲ್ಲಿ" ಅಂತ ಬರೆಯುತ್ತಾರೆ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ, ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಸ್ಮೃತಿ ಮಂಧಾನ ಎತ್ತಿದ್ದು ಏನು? ಆ ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್‌ಗೆ 4 ವಿಕೆಟ್ ತೆಗೆದರು. ಡೆಲ್ಲಿ ಕ್ಯಾಪಿಟಲ್ಸ್ ವಿರುದ್ಧ 8 ವಿಕೆಟ್ ಜಯ. ಆರ್‌ಸಿಬಿ ಹೆಸರಿನ ಮೊದಲ ಕಪ್ ಬಂದದ್ದು ಹೆಣ್ಣುಮಕ್ಕಳಿಂದ.

ಭದ್ರಾವತಿ ಹುಡುಗ:

ಅಕ್ಕಾ, ನಾವು ಐಪಿಎಲ್ ಅಂದುಕೊಂಡು ಹೇಳುತ್ತೇವೆ. ಮನಸ್ಸಿನಲ್ಲಿ ಬೇರೇನೂ ಇಲ್ಲ.

ಲಾಂಗ್‌ಆನ್ ಲತಾ:

ಮನಸ್ಸಿನಲ್ಲಿ ಇಲ್ಲ ಅಂತ ಗೊತ್ತಪ್ಪ. ಹಾಗಿದ್ದರೆ "ಐಪಿಎಲ್‌ನಲ್ಲಿ ಮೊದಲ ಕಪ್" ಅಂತ ಬರೆಯಿರಿ. 2025ರ ಜೂನ್ 3, ಅಹಮದಾಬಾದ್, ಪಂಜಾಬ್ ವಿರುದ್ಧ 6 ರನ್ ಜಯ. ಅದಕ್ಕೂ ಮೊದಲು 2009, 2011, 2016ರಲ್ಲಿ ಫೈನಲ್ ಸೋತಿದ್ದು. ಒಂದು ಪದ ಸೇರಿಸಿದರೆ ಎರಡೂ ತಂಡಕ್ಕೂ ಅವರವರದ್ದು ಸಿಗುತ್ತದೆ. ಫೈನಲ್‌ನಲ್ಲಿ ನಾಲ್ಕು ವಿಕೆಟ್ ತೆಗೆದ ಹುಡುಗಿ ಆ ಸಾಲು ಓದಿದರೆ ಅವಳಿಗೆ ಹೇಗನ್ನಿಸಬಹುದು ಯೋಚನೆ ಮಾಡಿ.

ಭದ್ರಾವತಿ ಹುಡುಗ:

ಈ ಮಾತು ಸರಿ. ನಮ್ಮ ಗುಂಪಿನ ಪುಟದಲ್ಲಿ ಹಾಗೇ ಹಾಕಿಸುತ್ತೇನೆ.

ಕರುಣ್ ಪೋಸ್ಟರ್‌ಗೂ ನಾನೇ ಒಂದು ಸಾಲು ಬರೆದಿದ್ದೇನೆ, ನೋಡಿ ಹೇಳಿ: "ಮೂರನೇ ಟೆಸ್ಟ್‌ನಲ್ಲಿ ಅಜೇಯ 303. ಮುಂದಿನ ಟೆಸ್ಟ್‌ನಲ್ಲಿ ಜಾಗ ಇಲ್ಲ. ಆಮೇಲೆ ಸಿಕ್ಕಿದ್ದು ನಾಲ್ಕು ಇನ್ನಿಂಗ್ಸ್. 2018ರಲ್ಲಿ ಇಂಗ್ಲೆಂಡ್‌ಗೆ ಹೋಗಿ ಒಂದೂ ಪಂದ್ಯ ಆಡದೆ ವಾಪಸ್. ಮತ್ತೆ ಟೆಸ್ಟ್ ಆಡಿದ್ದು 2025ರಲ್ಲಿ." ಸಿಟ್ಟು ಇದೆ, ಸುಳ್ಳು ಇಲ್ಲ. ಸರಿನಾ?

ಕೋಟ್ಲಾ99:

ತುಂಬಾ ಚೆನ್ನಾಗಿದೆ. ಇದನ್ನು ಯಾರ ಮುಂದೆ ಬೇಕಾದರೂ ಇಡಬಹುದು. ಜಾಗ ಇದ್ದರೆ 2024-25ರ ದೇಶೀ ಋತು ಸೇರಿಸು. ವಿದರ್ಭಕ್ಕೆ ಆಡಿ ದೇಶೀ ಏಕದಿನ ಟೂರ್ನಿ ವಿಜಯ್ ಹಜಾರೆಯಲ್ಲಿ 779 ರನ್, ಐದು ಶತಕ. ರಣಜಿಯಲ್ಲಿ 863 ರನ್, ಕೇರಳ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135. ವಾಪಸ್ ಕರೆದದ್ದು ಕರುಣೆಯಿಂದ ಅಲ್ಲ, ಈ ರನ್ ನೋಡಿ. ಮತ್ತೆ ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್ ಆಡಿ 205 ರನ್, ಒಂದು ಅರ್ಧಶತಕ. ಅದನ್ನೂ ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳು.

ಸಿಲ್ಲಿಪಾಯಿಂಟ್:

ನಾಳೆ ಊಟದ ಹೊತ್ತಿಗೆ ಇದನ್ನೇ ತೆಗೆದುಕೊಂಡು ಹೋಗುತ್ತೇನೆ. ಮುಂಬೈ ಅಂದಾಗ ನೆನಪಾಯಿತು. 1974ರಲ್ಲಿ ಫೈನಲ್‌ನಲ್ಲಿ ಬಾಂಬೆಯನ್ನು ಸೋಲಿಸಿ ಕರ್ನಾಟಕ ಮೊದಲ ರಣಜಿ ಗೆದ್ದಿತು ಅಂತ ಒಬ್ಬರು ಬರೆದಿದ್ದಾರೆ. ಅದು ಸೆಮಿಫೈನಲ್ ತಾನೇ?

ವಿಶಿ ಅಭಿಮಾನಿ:

ಸೆಮಿಫೈನಲ್. ಬೆಂಗಳೂರಿನಲ್ಲಿ. ಬಾಂಬೆ ಅದಕ್ಕೂ ಮೊದಲು ಸತತ ಹದಿನೈದು ಸಲ ಗೆದ್ದಿತ್ತು, 1958-59ರಿಂದ 1972-73ರವರೆಗೆ. ಪ್ರಸನ್ನ ನಾಯಕ. ಅವರೇ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದರು. ವಾಡೇಕರ್ ರನ್‌ಔಟ್. ಕರ್ನಾಟಕದ ಕಡೆ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ. ಗೆದ್ದಿದ್ದು ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ. ಫೈನಲ್ ಜೈಪುರದಲ್ಲಿ, ರಾಜಸ್ಥಾನ ವಿರುದ್ಧ.

ಹದಿನೈದು ವರ್ಷದ ಬಾಂಬೆ ಓಟ ನಿಂತದ್ದು ಆ ಸೆಮಿಫೈನಲ್‌ನಲ್ಲಿ. ಅದಕ್ಕೇ ಜನರ ನೆನಪಿನಲ್ಲಿ ಅದೇ ಫೈನಲ್ ಆಗಿ ಕೂತಿದೆ. ನಾಡಿನ ಹೆಸರು ಮೈಸೂರಿನಿಂದ ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. ಅದೇ ಋತುವಿನಲ್ಲಿ ಬಂದ ಕಪ್ ಅದು. ನನ್ನ ವಯಸ್ಸಿನವರಿಗೆ ಆ ಸಂತೋಷ ಈಗಲೂ ಹಸಿಯಾಗಿದೆ.

ನಾನು ಇನ್ನೊಂದು ಮಾತನ್ನು ಪರೀಕ್ಷೆ ಮಾಡಬೇಕು ಅಂತ ತುಂಬಾ ಕಾಲದಿಂದ ಅಂದುಕೊಂಡಿದ್ದೆ. ವಿಶ್ವನಾಥ್ ಶತಕ ಹೊಡೆದ ಟೆಸ್ಟ್ ಭಾರತ ಒಂದೂ ಸೋತಿಲ್ಲ ಅಂತಾರಲ್ಲ. ಅಭಿಮಾನದಿಂದ ಹೇಳುವ ಮಾತು ಅಂತ ಹೊರಗಿನವರು ನಗುತ್ತಾರೆ. ಕೂತು ಹದಿನಾಲ್ಕೂ ಶತಕ ಬರೆದೆ.

ಗೆದ್ದದ್ದು ನಾಲ್ಕು. 1974-75ರ ಸರಣಿಯಲ್ಲಿ ಕಲ್ಕತ್ತಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 139. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 112, ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಭಾರತ 4 ವಿಕೆಟ್‌ಗೆ 406 ಹೊಡೆದು ಗೆದ್ದ ಪಂದ್ಯ ಅದು. 1979ರ ಜನವರಿಯಲ್ಲಿ ಮದ್ರಾಸ್‌ನಲ್ಲಿ 124. 1981ರಲ್ಲಿ ಮೆಲ್ಬರ್ನ್‌ನಲ್ಲಿ 114, ಕಪಿಲ್ 28ಕ್ಕೆ 5 ತೆಗೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ ಪಂದ್ಯ.

ಉಳಿದ ಹತ್ತೂ ಡ್ರಾ. ಕಾನ್ಪುರದಲ್ಲೇ ಮೂರು, 1969ರಲ್ಲಿ ಮೊದಲ ಟೆಸ್ಟ್‌ನಲ್ಲಿ ಸೊನ್ನೆ ಆದ ಮೇಲೆ ಬಂದ 137, 1976ರಲ್ಲಿ ಅಜೇಯ 103, 1979ರಲ್ಲಿ 179. ಬಾಂಬೆಯಲ್ಲಿ 113, ಫೈಸಲಾಬಾದ್‌ನಲ್ಲಿ 145, ಲಾರ್ಡ್ಸ್‌ನಲ್ಲಿ 113, ಬೆಂಗಳೂರಿನಲ್ಲಿ ಅಜೇಯ 161, ದೆಹಲಿಯಲ್ಲಿ 131 ಮತ್ತು 107, ಕೊನೆಗೆ 1982ರಲ್ಲಿ ಮದ್ರಾಸ್‌ನಲ್ಲಿ 222.

ಸೋಲು ಒಂದೂ ಇಲ್ಲ. ಮಾತು ನಿಜ. ಬರೆದು ಮುಗಿಸಿದಾಗ ಕಣ್ಣು ತುಂಬಿ ಬಂತು.

ಭದ್ರಾವತಿ ಹುಡುಗ:

ಸರ್, ಮದ್ರಾಸ್ ಅಂದಾಗ ಆ ಪ್ರಸಿದ್ಧ 97 ಇದೆಯಲ್ಲ, ಆಂಡಿ ರಾಬರ್ಟ್ಸ್ ವಿರುದ್ಧ. ಎಷ್ಟೋ ಕಡೆ ಅದನ್ನೂ ಶತಕದ ಪಟ್ಟಿಯಲ್ಲಿ ಸೇರಿಸುತ್ತಾರೆ. ಅದನ್ನು ಸೇರಿಸಿದರೆ ಹದಿನೈದು ಆಗಲ್ವಾ?

ವಿಶಿ ಅಭಿಮಾನಿ:

ಇಲ್ಲ ಮಗ, ಸೇರಿಸಬಾರದು. ಅಜೇಯ 97 ಅಂದರೆ 97. 1975ರ ಜನವರಿ, ರಾಬರ್ಟ್ಸ್ 64ಕ್ಕೆ 7 ತೆಗೆದರು, ಭಾರತ 190ಕ್ಕೆ ಆಲೌಟ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಿಶ್ವನಾಥ್ ಒಬ್ಬರದ್ದೇ. ಇನ್ನೊಂದು ತುದಿಯಲ್ಲಿ ಜೊತೆಗಾರರು ಮುಗಿದುಹೋದರು, ಅದಕ್ಕೇ ನೂರಾಗಲಿಲ್ಲ. ಆ ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು. ಬೇರೆ ಸಾಲಿನಲ್ಲಿ ಬರೆದಿಟ್ಟುಕೋ.